ಪೇಟಿ ಸಿದ್ದಲಿಂಗಪ್ಪನವರ ನೂರನೆಯ ದಿನ

ಪುಣೆಯ ಬುಧವಾರ ಪೇಟೆಯಲ್ಲಿ ಹಾರ್ಮೋನಿಯಂ ಪೇಟಿ ದುರಸ್ತಿ ಮಾಡುತ್ತಿದ್ದ ಸಿದ್ದಲಿಂಗಪ್ಪನವರಿಗೆ ಯಾರಿಗೂ ‘ಬೇಡ’ ಎನ್ನಲು ಬರುತ್ತಿರಲಿಲ್ಲ. ಉಳಿದಂತೆ ಅವರು ಜಾಣರು. ಒಂಬತ್ತಡಿ ಉದ್ದ, ಆರಡಿ ಅಗಲದ ಅವರ ಅಂಗಡಿಗೆ ಸೋಲಾಪುರದಿಂದಲೂ ಪೇಟಿಗಳು ಬರುತ್ತಿದ್ದವು. ಪೇಟಿಯೊಳಗಿನ ಹಿತ್ತಾಳೆಯ ನಾಲಗೆಯನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಎಷ್ಟು ಕೆರೆಯಬೇಕೆಂಬುದಕ್ಕೆ ಅಳತೆಗೋಲಿಲ್ಲ. ಕಿವಿ ಹೇಳಬೇಕು, ಕೈ ಕೇಳಬೇಕು. ಅವರ ಕಿವಿ ಕೊನೆಯವರೆಗೂ ಸರಿಯಾಗಿಯೇ ಇತ್ತು. ಕೆಟ್ಟದ್ದು ಕೈ.

ಗದಗಿನ ಕಡೆಯವರಾದ ಅವರು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ನಾಟಕ ಕಂಪನಿಯ ಪೇಟಿ ಮಾಸ್ತರರಾಗಿ ಊರು ಬಿಟ್ಟಿದ್ದರು. ಆಟ ಮುಗಿದ ಮೇಲೆ ರಸಿಕರು ಒಳಗೆ ಬಂದು, “ಏನು ಬಾರಿಸಿದ್ರಿ ಮಾಸ್ತರ!” ಎಂದು ಒಂದು ಗ್ಲಾಸು ಮುಂದೆ ಹಿಡಿಯುತ್ತಿದ್ದರು. ಪ್ರೀತಿಯಿಂದ ಕೊಟ್ಟದ್ದನ್ನು ಹೇಗೆ ನೂಕುವುದು? ಮಾತಾಡುವ ಸಿನೆಮಾ ಬಂದ ಎರಡೇ ವರ್ಷದಲ್ಲಿ ಕಂಪನಿ ಪುಣೆಯಲ್ಲೇ ಮುಳುಗಿತು. ರಸಿಕರು ಕಣ್ಮರೆಯಾದರು. ಗ್ಲಾಸು ಮಾತ್ರ ಉಳಿಯಿತು. ಅದನ್ನು ಕೊಡುವವರಿಗೂ ಪುಣೆಯಲ್ಲಿ ಬರವಿರಲಿಲ್ಲ.

ಅವರ ಹೆಂಡತಿ ಭೀಮವ್ವ ನೇರ ಮಾತಿನವರು. ಮಗಳ ಮದುವೆ ಮಾಡಿ ಹುಬ್ಬಳ್ಳಿಗೆ ಕಳಿಸುವವರೆಗೆ ಹಲ್ಲು ಕಚ್ಚಿಕೊಂಡಿದ್ದರು. ೧೯೩೮ರ ಗಣೇಶ ಚೌತಿಯ ಮರುದಿನ ಬಟ್ಟೆಯ ಗಂಟು ಕಟ್ಟಿದರು. ಅವರ ಅಣ್ಣ ಇಂದಾಪುರದಲ್ಲಿ ಕಬ್ಬಿನ ಹೊಲ ಮಾಡಿಕೊಂಡಿದ್ದ.

“ನೀವು ಕುಡೀತೀರಿ ಅಂತ ನಂಗ ಸಿಟ್ಟಿಲ್ಲ,” ಎಂದರು ಭೀಮವ್ವ. “ಯಾರು ಕೊಟ್ರೂ ಬ್ಯಾಡ ಅನ್ನಾಂಗಿಲ್ಲಲ್ಲ, ಅದಕ್ಕ ಸಿಟ್ಟು. ನಾಳೆ ಯಾರರ ಇಲಿ ಪಾಷಾಣ ಕೊಟ್ರೂ, ಪಾಪ ಪ್ರೀತಿಲೆ ತಂದಾರ ಅಂತ ಕೈಯೊಡ್ಡೋ ಮಂದಿ ನೀವು.”

“ಬಿಡತೀನಿ ಅಂದ್ನೆಲ್ಲ.”

“ನೂರು ದಿವಸ ಬಿಟ್ಟು ತೋರಸ್ರಿ. ಅವತ್ತ ನಾನಽ ಬಂದು ನೋಡತೀನಿ. ನಂಬಿಕಿ ಬಂತಂದ್ರ ಉಳೀತೀನಿ. ಇಲ್ಲಂದ್ರ ಸಂಜಿ ಮೋಟಾರಿಗೇ ತಿರುಗಿ ಹೋಗತೀನಿ. ಆಮ್ಯಾಲ ಕರೀಲಿಕ್ಕೆ ಬರಬ್ಯಾಡ್ರಿ.”

ಒಬ್ಬರೇ ಕೂತು ಬಿಡುವುದು ತಮ್ಮಿಂದಾಗದೆಂದು ಸಿದ್ದಲಿಂಗಪ್ಪನವರಿಗೆ ಎರಡೇ ದಿನದಲ್ಲಿ ಗೊತ್ತಾಯಿತು. ಕುಡಿತ ಬಿಡುವವರ ಸಭೆ ಎಲ್ಲಾದರೂ ಇದೆಯೇ ಎಂದು ವಿಚಾರಿಸಿದರು. ಶುಕ್ರವಾರ ಪೇಟೆಯ ಒಂದು ಸಭಾಗೃಹದಲ್ಲಿ ಇದೆ ಎಂದು ಯಾರೋ ಹೇಳಿದರು. ಶುಭ್ರವಾದ ಧೋತರ ಉಟ್ಟು ಹೋದರು.

ಸಭೆಯಲ್ಲಿ ಪಿಂಚಣಿ ಪಡೆಯುವ ದೊಡ್ಡ ಮನುಷ್ಯರೊಬ್ಬರು ಬೆಳಕಿನ ಯಂತ್ರದಿಂದ ಬಿಳಿ ಪರದೆಯ ಮೇಲೆ ಚಿತ್ರಗಳನ್ನು ಬಿಡುತ್ತ ಮರಾಠಿಯಲ್ಲಿ ಭಾಷಣ ಮಾಡುತ್ತಿದ್ದರು. ಮೊದಲು ಒಳ್ಳೆಯ ಯಕೃತ್ತಿನ ಚಿತ್ರ, ಆಮೇಲೆ ಕುಡುಕನ ಯಕೃತ್ತಿನ ಚಿತ್ರ. ಸಭೆಯಲ್ಲಿದ್ದ ಸುಮಾರು ನಲವತ್ತು ಜನ ಎರಡನ್ನೂ ನೋಡಿ ‘ಅಯ್ಯೋ’ ಎಂದರು. ಮುಗಿದ ಮೇಲೆ ಸಿದ್ದಲಿಂಗಪ್ಪ ಭಾಷಣಕಾರರ ಬಳಿ ಹೋಗಿ ವಿನಯದಿಂದ ಕೇಳಿದರು, “ಸಾಹೇಬರು ಎಷ್ಟು ವರ್ಷ ಕುಡಿದಿರಿ?”

ಅವರ ಕನ್ನಡಕ ಮೂಗಿನಿಂದ ಜಾರಿತು. “ನಾನು? ನಮ್ಮ ಏಳು ತಲೆಯಲ್ಲಿ ಯಾರೂ ಮುಟ್ಟಿಲ್ಲ!”

“ಹಾಗಾದರೆ ಬಿಡುವುದು ಹೇಗೆ ಎಂದು ತಮಗೆ ಯಾರು ಹೇಳಿದರು?”

ಉತ್ತರದ ಬದಲು ಅವರು ಒಂದು ಪ್ರತಿಜ್ಞಾಪತ್ರವನ್ನು ಮುಂದೆ ಹಿಡಿದರು. ಸಿದ್ದಲಿಂಗಪ್ಪನವರಿಗೆ ಬೇಡವೆನ್ನಲಾಗಲಿಲ್ಲ, ಸಹಿ ಮಾಡಿದರು. ಮನೆಗೆ ಹೋಗುವಾಗ ದಾರೂ ಅಂಗಡಿಯ ಮೂಲೆಯಲ್ಲಿ ಹಳೆಯ ತಬಲಜಿಯೊಬ್ಬ ಎದುರಾಗಿ, “ಮಾಸ್ತರ, ಎಷ್ಟು ದಿನ ಆತು!” ಎಂದು ಕೈ ಹಿಡಿದ. ಅಲ್ಲಿಯೂ ಬೇಡವೆನ್ನಲಾಗಲಿಲ್ಲ.

ಮುಂದಿನ ವಾರ ಒಂದು ಭಜನಾ ಮಂಡಳಿಗೆ ಹೋದರು. ಅಲ್ಲಿಯವರು ಒಳ್ಳೆಯ ಜನ. ಇವರು ಅವರ ಪೇಟಿಯ ಗಾಳಿತಿದಿಯಲ್ಲಿದ್ದ ತೂತು ಮುಚ್ಚಿಕೊಟ್ಟರು. ಆರತಿಯಾದ ಮೇಲೆ ತಾಳ ಹಾಕುವವನು ಇಷ್ಟು ಕಷ್ಟಪಟ್ಟಿರಲ್ಲ ಎಂದು ಮರುಗಿ, ಹೆಗಲ ಮೇಲೆ ಕೈಹಾಕಿ ನೇರವಾಗಿ ಅದೇ ಮೂಲೆಗೆ ಕರೆದುಕೊಂಡು ಹೋದ.

ಅಕ್ಟೋಬರದ ಮೊದಲ ಶುಕ್ರವಾರ, ಶಿವಾಜಿನಗರದ ನ್ಯಾಯಾಲಯದಲ್ಲಿ ನಕಲು ಬರೆಯುವ ಸದಾನಂದ ಎಂಬವರು ಮಗಳ ಪೇಟಿಯನ್ನು ಹೊತ್ತು ಅಂಗಡಿಗೆ ಬಂದರು. ಬೆಳಗಾವಿಯವರು, ದಪ್ಪ ಮೀಸೆ, ತೆಳ್ಳಗಿನ ಶರೀರ. ಹಿತ್ತಾಳೆ ಕೆರೆಯುವ ಅರವನ್ನು ಹಿಡಿದ ಸಿದ್ದಲಿಂಗಪ್ಪನವರ ಕೈಯನ್ನು ಸ್ವಲ್ಪ ಹೊತ್ತು ನೋಡಿದರು.

“ಕೈ ನಡಗತಾವಲ್ರಿ.”

“ಥಂಡಿ ರೀ.”

“ಅಕ್ಟೋಬರದಾಗ ಎಲ್ಲೀ ಥಂಡಿ? ನನ್ನ ಕೈಗೂ ನಾಕು ವರ್ಷ ಇದಽ ಥಂಡಿ ಹಿಡದಿತ್ತು. ಜಡ್ಜ್ ಸಾಹೇಬರು ನನ್ನ ಅಕ್ಷರ ನೋಡಿ, ಇದು ಕನ್ನಡನೋ ಮರಾಠಿನೋ ಅಂತ ಕೇಳಿದ್ರು. ಬರದದ್ದು ಇಂಗ್ಲೀಷು.”

ಸಿದ್ದಲಿಂಗಪ್ಪ ಅರ ಕೆಳಗಿಟ್ಟರು.

“ನಾಳೆ ಸಂಜಿಗೆ ಶಿವಾಜಿನಗರ ಸ್ಟೇಷನ್ನಿನ ಹಿಂದ ಭುಜಂಗನ ಹೊಟೇಲಿಗೆ ಬರ್ರಿ. ದೀಪಾ ಹಚ್ಚೋದಕ್ಕಿಂತ ಮೊದಲ ಬರ್ರಿ. ಕೈ ಸ್ವಚ್ಛ ತೊಳಕೊಂಡು ಬರ್ರಿ.”

“ಭಾಷಣ ಅದ ಏನ್ರಿ?”

“ಭಾಷಣ ಮಾಡಿದವಗ ಉದ್ದು ರುಬ್ಬೋ ಕಲ್ಲು ಕೊಡತೀವಿ. ಅದು ಭಾಳ ಜಡ.”

ಆ ಹೊಟೇಲಿನ ಬಗ್ಗೆ ನಾನು ಸ್ವಲ್ಪ ಹೇಳಬಲ್ಲೆ. ಆಗ ನಾನು ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಪ್ರಯೋಗ ಕಲಿಸುವ ಕೆಲಸಕ್ಕಿದ್ದು, ಎರಡು ಹೊತ್ತಿನ ಊಟ ಅಲ್ಲಿಯೇ ಮಾಡುತ್ತಿದ್ದೆ. ಭುಜಂಗ ಉಡುಪಿಯ ಕಡೆಯವನು. ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಅವನ ಅಣ್ಣ ಸಂಕಪ್ಪ ಹೊಟೇಲಿನ ಅಡುಗೆಯವನು. ಇಬ್ಬರ ಪಾಲನ್ನೂ ತಾನೊಬ್ಬನೇ ಕುಡಿದವನು. ದಿನವಿಡೀ ಒಲೆಯ ಮುಂದೆ ಸರಿಯಾಗಿರುತ್ತಿದ್ದ ಸಂಕಪ್ಪ ದೀಪ ಹಚ್ಚುವ ಹೊತ್ತಿಗೆ ತಪ್ಪಿಸಿಕೊಳ್ಳುತ್ತಿದ್ದ. ನಾಳೆಯ ಇಡ್ಲಿಗೆ ಹಿಟ್ಟು ರುಬ್ಬುವ ಹೊತ್ತೂ ಅದೇ. ಒಂದು ದಿನ ಭುಜಂಗ ಅಣ್ಣನನ್ನು ರುಬ್ಬುವ ಕಲ್ಲಿನ ಮುಂದೆ ಕೂರಿಸಿ, ಎದುರಿಗೆ ತಾನೂ ಕೂತ. ಮೊಣಕೈವರೆಗೆ ಹಿಟ್ಟು ಮೆತ್ತಿದ ಮನುಷ್ಯ ಎದ್ದು ಹೆಂಡದಂಗಡಿಗೆ ಓಡುವುದು ಕಷ್ಟ. ಕೈ ತೊಳೆಯುವಷ್ಟರಲ್ಲಿ ಯಾರಾದರೂ ಒಂದು ಮಾತು ಆಡಿಸುತ್ತಾರೆ, ಮಾತು ಮುಗಿಯುವಷ್ಟರಲ್ಲಿ ಆ ಕೆಟ್ಟ ಗಳಿಗೆ ದಾಟಿರುತ್ತದೆ. ಸಂಕಪ್ಪ ಹೀಗೆ ಮೂರು ವರ್ಷ ದಾಟಿದ್ದ. ಅವನನ್ನು ನೋಡಿ ಒಬ್ಬೊಬ್ಬರಾಗಿ ಬಂದು, ಈಗ ಹೊಟೇಲಿನ ಹಿಂದಿನ ಕೋಣೆಯಲ್ಲಿ ನಾಲ್ಕು ಕಲ್ಲುಗಳೂ ಅವನೂ ಸೇರಿ ಹನ್ನೊಂದು ಜನರೂ ಆಗಿದ್ದರು. ಕಲ್ಲಿಗೆ ಇಬ್ಬರು: ಒಬ್ಬ ತಿರುಗಿಸುವವನು, ಒಬ್ಬ ಹಿಟ್ಟು ದೂಡುವವನು. ಉಳಿದವರು ಸರದಿಗೆ ಕಾಯುತ್ತ ಅಕ್ಕಿ ಆರಿಸುತ್ತಿದ್ದರು.

ಊರಿನ ತುಂಟರು ಇದಕ್ಕೆ ‘ಕುಡುಕರ ಇಡ್ಲಿ’ ಎಂದು ಹೆಸರಿಟ್ಟಿದ್ದರು. ಹಾಗೆಂದು ತಿನ್ನುವುದನ್ನು ಬಿಟ್ಟಿರಲಿಲ್ಲ.

ನಿಯಮ ಒಂದೇ. ಕಲ್ಲಿನ ಮುಂದೆ ಕೂರುವಾಗ ತನ್ನ ಹೆಸರು ಹೇಳಿ, ಬಿಟ್ಟು ಎಷ್ಟು ದಿನವಾಯಿತೆಂದು ಹೇಳಬೇಕು. ನಡುವೆ ಜಾರಿದವನು ಮತ್ತೆ ‘ಒಂದು’ ಎನ್ನಬೇಕು. ಏಕೆ ಜಾರಿದೆ ಎಂದು ಯಾರೂ ಕೇಳಕೂಡದು. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು.

ಅಕ್ಟೋಬರ ಎಂಟರ ಶನಿವಾರ ಸಿದ್ದಲಿಂಗಪ್ಪ ಬಂದರು. ಬುಧವಾರ ಪೇಟೆಯಿಂದ ಸೇತುವೆ ದಾಟಿ ಬರುವ ದಾರಿಯಲ್ಲಿ ಮೂರು ದಾರೂ ಅಂಗಡಿಗಳು. ಯಾರಾದರೂ ಕರೆದಾರೆಂದು ಮೂರರ ಮುಂದೆಯೂ ಓಡಿದ್ದರಿಂದ ಏದುಸಿರು ಬಿಡುತ್ತಿದ್ದರು.

“ಸಿದ್ದಲಿಂಗಪ್ಪ. ಒಂದು,” ಎಂದರು.

“ಒಂದು ದೊಡ್ಡ ಸಂಖ್ಯೆ ಮಾರಾಯ್ರೆ,” ಎಂದ ಸಂಕಪ್ಪ. “ನನಗೆ ಅದೇ ಒಂದು ಹನ್ನೆರಡು ಸಲ ಬಂದದೆ. ಕೂತ್ಕೊಳ್ಳಿ, ದೂಡಿ.”

ಅವರು ದಿನಾ ಬರತೊಡಗಿದರು. ಒಂಬತ್ತನೆಯ ದಿನ ಕೈ ನಡುಗುವುದು ಕಡಿಮೆಯಾಯಿತು. ಇಪ್ಪತ್ತಮೂರನೆಯ ದಿನ ಸದಾನಂದರ ಮಗಳ ಪೇಟಿ ಸರಿಯಾಗಿ ಹಾಡಿತು. ನಲವತ್ತನೆಯ ದಿನ ಕಲ್ಲು ತಿರುಗಿಸುತ್ತ, ಈ ಕಲ್ಲು ಪೇಟಿಯ ಎರಡನೆಯ ಕಪ್ಪು ಮನೆಯ ಶ್ರುತಿಯಲ್ಲಿ ಗೊರಗುಡುತ್ತದೆ ಎಂದು ಹೇಳಿ ಎಲ್ಲರನ್ನೂ ನಗಿಸಿದರು. ಆದರೆ ದಾರಿಯ ಮೂರು ಅಂಗಡಿಗಳ ಮುಂದೆ ಓಡುವುದನ್ನು ಮಾತ್ರ ನಿಲ್ಲಿಸಲಿಲ್ಲ. “ಯಾರರ ಕರದ್ರ ಬ್ಯಾಡ ಅನ್ನಲಿಕ್ಕೆ ನಂಗಿನ್ನೂ ಬರಂಗಿಲ್ರಿ. ಅದಕ್ಕಽ ಕರಿಯೂಕಿಂತ ಮೊದಲ ಓಡತೀನಿ,” ಎಂದು ಒಪ್ಪಿಕೊಂಡಿದ್ದರು. ಭೀಮವ್ವ ನೋಡಬೇಕೆಂದದ್ದು ಓಟವನ್ನಲ್ಲ ಎಂಬುದು ಅವರಿಗೆ ಗೊತ್ತಿತ್ತು.

ನೂರನೆಯ ದಿನ ೧೯೩೯ರ ಜನವರಿ ಹದಿನೈದು, ಭಾನುವಾರ. ಭೀಮವ್ವನಿಗೆ ಕಾಗದ ಹೋಗಿತ್ತು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ನಾಲ್ಕು ಗಂಟೆಗೆ ಹಿಂದಿನ ಕೋಣೆಯಲ್ಲಿ ಸಣ್ಣ ಸಮಾರಂಭವೆಂದು ಗೊತ್ತಾಯಿತು. ಭುಜಂಗನ ಉತ್ಸಾಹಕ್ಕೆ ಮಿತಿಯಿರಲಿಲ್ಲ. ಆ ಕಾಲದಲ್ಲಿ ಖಾದಿ ತೊಟ್ಟವರೆಲ್ಲ ಹೆಂಡ ಬಿಡಿ, ನೀರಾ ಕುಡಿಯಿರಿ ಎಂದು ಹೇಳುತ್ತಿದ್ದರು. ಈಚಲು ಮರದಿಂದ ಸೂರ್ಯ ಹುಟ್ಟುವ ಮೊದಲೇ ಇಳಿಸಿದ ತಾಜಾ ರಸವೇ ನೀರಾ, ಸಿಹಿ, ಅಮಲಿಲ್ಲದ್ದು. ಕುಡಿತ ಬಿಟ್ಟವರ ಸಮಾರಂಭಕ್ಕೆ ಇದಕ್ಕಿಂತ ಯೋಗ್ಯವಾದದ್ದು ಯಾವುದು? ಭುಜಂಗ ಹಡಪಸರದ ತೋಟವೊಂದರಿಂದ ಎರಡು ಮಡಕೆ ನೀರಾ ತರಿಸಿದ. ಬೆಳಿಗ್ಗೆ ಏಳಕ್ಕೆ ಬಂತು. ನಾನೂ ಒಂದು ಗುಟುಕು ರುಚಿ ನೋಡಿದೆ, ಜೇನಿನ ಹಾಗಿತ್ತು. ಭಾನುವಾರವಾದರೂ ಪ್ರಯೋಗಶಾಲೆಯಲ್ಲಿ ಕೆಲಸವಿತ್ತು, ಹೋದೆ.

ಮೂರು ಗಂಟೆಗೆ ಭೀಮವ್ವ ಬಂದರು. ಕಂಕುಳಲ್ಲಿ ಗಂಟು. ಅದನ್ನು ಬಿಚ್ಚುವ ಯಾವ ಲಕ್ಷಣವೂ ಇರಲಿಲ್ಲ. ಇಂದಾಪುರಕ್ಕೆ ಹೋಗುವ ಕೊನೆಯ ಮೋಟಾರು ಐದೂವರೆಗೆ ಎಂದು ಬರುವಾಗಲೇ ಕೇಳಿಕೊಂಡು ಬಂದಿದ್ದರು. ಗಂಡನನ್ನು ಮೇಲಿಂದ ಕೆಳಗೆ ನೋಡಿ, “ಬಣ್ಣ ಬಂದದ,” ಎಂದಷ್ಟೇ ಹೇಳಿ ಬಾಗಿಲ ಪಕ್ಕದ ಮಣೆಯ ಮೇಲೆ ಕೂತರು.

ನಾಲ್ಕಕ್ಕೆ ಸಿದ್ದಲಿಂಗಪ್ಪನವರೂ ಸೇರಿ ಹನ್ನೊಂದು ಜನ ಸಾಲಾಗಿ ಕೂತರು. ಸಂಕಪ್ಪ ಬಡಿಸಲು ನಿಂತ. ಮೂರು ದಿನದಿಂದ ನೆಗಡಿಯಾಗಿ ಅವನ ಮೂಗು ಕೆಂಪಗೆ ಊದಿತ್ತು. ಭುಜಂಗ ಒಂದು ದೊಡ್ಡ ಮಣ್ಣಿನ ಬಾನಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡು ತಂದ.

“ನೋಡಿ, ನೋಡಿ! ನೊರೆಹಾಲಿನ ಹಾಗೆ ನೊರೆ ಬಂದದೆ! ಬೆಳಿಗ್ಗೆ ಇಷ್ಟು ಇರ್ಲೇ ಇಲ್ಲ ಮಾರಾಯ್ರೆ!”

ಮೊದಲ ಲೋಟ ಸಿದ್ದಲಿಂಗಪ್ಪನವರ ಕೈಗೆ ಬಂತು. ಆಮೇಲೆ ಉಳಿದವರಿಗೆ. ನಾನು ಕಿಟಕಿಯ ಬಳಿ ಕೊನೆಯವನಾಗಿದ್ದೆ. ಲೋಟಗಳನ್ನು ಹಂಚಿಯಾಯಿತು, ಆದರೆ ಒಂದೂ ಬಾಯಿಗೆ ಹೋಗಲಿಲ್ಲ. ಸದಾನಂದರು ಮೀಸೆ ಒರೆಸಿಕೊಂಡು, “ಈಗೆಷ್ಟು ಗಂಟೆ?” ಎಂದು ಯಾರನ್ನೂ ಉದ್ದೇಶಿಸದೆ ಕೇಳಿದರು. ಒಬ್ಬ ಮಾಡಿನ ತೊಲೆಗಳನ್ನು ಎಣಿಸತೊಡಗಿದ. ಇನ್ನೊಬ್ಬನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ನನ್ನ ಲೋಟ ನನ್ನ ಕೈಗೆ ಬಂದಾಗ ಕಾರಣ ತಿಳಿಯಿತು. ಅದು ನೀರಾ ಆಗಿ ಉಳಿದಿರಲಿಲ್ಲ.

ಹನ್ನೊಂದು ಜನರ ಮೂಗಿಗೂ ನನಗಿಂತ ಬಹಳ ಮೊದಲೇ ಇದು ಗೊತ್ತಾಗಿತ್ತು. ಆದರೆ ಹೇಳುವುದು ಹೇಗೆ? ಮೂರು ವರ್ಷದಿಂದ ಕೋಣೆ ಕೊಟ್ಟವನು, ಅಣ್ಣನನ್ನು ಉಳಿಸಿಕೊಂಡವನು, ಹಡಪಸರದಿಂದ ತರಿಸಿ ತಾನೇ ಹೊತ್ತು ತಂದವನು ಎದುರಿಗೆ ಅರಳಿದ ಮುಖದಿಂದ ನಿಂತಿದ್ದಾನೆ. ಅವನ ಕೈಯಿಂದಲೇ ಹೆಂಡ ಬಂದಿದೆ ಎಂದು ಯಾವ ಬಾಯಿಯಿಂದ ಹೇಳುವುದು?

“ಎಂತ ಎಲ್ಲರೂ ಸುಮ್ಮನೆ? ಮೊದಲು ಸಿದ್ದಲಿಂಗಪ್ಪನವರು ಕುಡೀಬೇಕು. ಅವರದೇ ದಿನ ಇವತ್ತು!”

ಸಿದ್ದಲಿಂಗಪ್ಪನವರ ಲೋಟ ಎದೆಯ ಎತ್ತರಕ್ಕೆ ಏರಿತು. ಪರಿಚಿತವಾದ ಆ ಹುಳಿ ವಾಸನೆಗೆ ಅವರ ಮುಖ ತಾನಾಗಿ ಲೋಟದ ಕಡೆ ಬಾಗಿದ್ದನ್ನು ನಾನು ಕಂಡೆ. ಬಾಗಿಲ ಬಳಿ ಭೀಮವ್ವ ಗಂಟಿನ ಮೇಲೆ ಕೈ ಇಟ್ಟುಕೊಂಡು ಆ ಲೋಟವನ್ನೇ ನೋಡುತ್ತಿದ್ದರು. ಅವರ ಮೂಗಿಗೂ ವಾಸನೆ ತಲುಪಿತ್ತು. ಹತ್ತೊಂಬತ್ತು ವರ್ಷದ ಅನುಭವವಿದ್ದ ಮೂಗು ಅದು.

“ಬ್ಯಾಡ್ರಿ,” ಎಂದರು ಸಿದ್ದಲಿಂಗಪ್ಪ. ಧ್ವನಿ ಎಷ್ಟು ಸಣ್ಣದಿತ್ತೆಂದರೆ ಪಕ್ಕದವನಿಗೆ ಮಾತ್ರ ಕೇಳಿಸಿರಬೇಕು.

“ಎಂತ ಸಂಕೋಚ ನಿಮ್ಮದು! ನಾನು ಪ್ರೀತಿಯಿಂದ ತರಿಸಿದ್ದು. ಒಂದು ಗುಟುಕು!”

ಭುಜಂಗ ಹತ್ತಿರ ಬಂದು ಲೋಟದ ಬುಡವನ್ನು ಮೆಲ್ಲಗೆ ಮೇಲೆತ್ತಿದ.

“ಬ್ಯಾಡ ಅಂದ್ನೆಲ್ರಿ!” ಎಂದು ಅವರು ಕೂಗಿಯೇಬಿಟ್ಟರು. ಲೋಟವನ್ನು ನೆಲಕ್ಕೆ ಕುಕ್ಕಿದರು. “ಭುಜಂಗಣ್ಣ, ನಿಮ್ಮ ಕಾಲಿಗೆ ಬೀಳತೀನಿ, ಆದ್ರ ಇದನ್ನ ಕುಡಿಯಾಂಗಿಲ್ಲ. ಇದು ನೀರಾ ಅಲ್ರಿ. ಹೆಂಡ!”

ಮರುಕ್ಷಣವೇ ಉಳಿದ ಲೋಟಗಳೆಲ್ಲ ಒಟ್ಟಿಗೆ ನೆಲಕ್ಕಿಳಿದು ಸದ್ದಾಯಿತು.

“ನಾನೂ ಅದನ್ನಽ ಹೇಳಬೇಕಂತಿದ್ದೆ,” ಎಂದರು ಸದಾನಂದ.

“ಯಾವಾಗ ಹೇಳಾವ್ರಿದ್ರಿ? ಲೋಟ ಬರಿದಾದ ಮ್ಯಾಲೇನು?” ಎಂದು ಬಾಗಿಲಿನಿಂದ ಭೀಮವ್ವ ಕೇಳಿದರು.

ಸಂಕಪ್ಪ ಬಾನಿಯ ಮೇಲೆ ಬಾಗಿ ಊದಿದ ಮೂಗಿನಿಂದ ಎರಡು ಸಲ ಎಳೆದು ನೋಡಿದ. “ನನಗೆ ವಾಸನೆ ಎಂತದೂ ಬರುದಿಲ್ಲ! ನನ್ನ ಮೂಗೊಂದು ಸರಿ ಇದ್ದಿದ್ರೆ ಓಣಿಯ ಆಚೆಯಿಂದಲೇ ಹೇಳ್ತಿದ್ದೆ,” ಎಂದು ಹಣೆ ಚಚ್ಚಿಕೊಂಡ.

ಭುಜಂಗ ರುಬ್ಬುವ ಕಲ್ಲಿನ ಮೇಲೆ ಕುಸಿದು ಕೂತ. ಕಣ್ಣಲ್ಲಿ ನೀರು. “ನೂರನೇ ದಿನ... ನನ್ನ ಕೈಯಾರೆ... ಆ ತೋಟದವ ಮೋಸ ಮಾಡಿದ!”

“ತೋಟದವನ ಮ್ಯಾಲೆ ಯಾಕ ಹಾಕತೀರಿ? ಮುಂಜಾನೆ ಯಾವುದ್ರಾಗ ಸುರವಿದ್ರಿ?” ಭೀಮವ್ವ ಎದ್ದು ಬಂದು ಬಾನಿಯ ಅಂಚನ್ನು ಬೆರಳಿನಿಂದ ಸವರಿದರು.

“ಇದರಲ್ಲೇ. ನಮ್ಮ ಹಿಟ್ಟಿನ ಬಾನಿ. ಮೂರು ಸಲ ತೊಳೆದಿದ್ದೆ ಅಮ್ಮ.”

“ಮತ್ತ ಎಲ್ಲಿ ಇಟ್ಟಿದ್ರಿ?”

“ಒಲೆ ಬುಡದಲ್ಲಿ. ಚಳಿಗೆ ತಣ್ಣಗಿದ್ದರೆ ಇವರ ಗಂಟಲು ಹಿಡೀತದಲ್ಲ ಅಂತ...”

ಭೀಮವ್ವ ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಭುಜ ಕುಣಿಯುವ ಹಾಗೆ ನಕ್ಕರು. “ಹಿಟ್ಟು ಉಬ್ಬಸೋ ಬಾನಿಯೊಳಗ, ಹಿಟ್ಟು ಉಬ್ಬಸೋ ಜಾಗಾದಾಗ, ಒಂಬತ್ತು ತಾಸು! ಎಂಥಾ ಹೊಟೇಲ್ ಮಾಲಕರ್ರಿ ನೀವು! ಉಬ್ಬದಽ ಏನ ಮಾಡತದ ಅದು, ಪಾಪ?”

ಅವರು ಹೇಳಿದ್ದು ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಸರಿಯಾಗಿತ್ತು. ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಕೂತ ಹುಳಿಯ ಅಂಶ ಮೂರು ಸಲ ತೊಳೆದರೆ ಹೋಗುವುದಿಲ್ಲ. ಸಿಹಿಯಾದ ರಸ ಮತ್ತು ಹದವಾದ ಬಿಸಿ ದೊರೆತರೆ ಅದು ಭಾನುವಾರವೆಂದು ರಜೆ ತೆಗೆದುಕೊಳ್ಳುವುದಿಲ್ಲ. ನಾನು ಒಂದು ಸೀಸೆ ತುಂಬಿಕೊಂಡು ಹೋಗಿ ಅದೇ ಸಂಜೆ ಭಟ್ಟಿ ಇಳಿಸಿ ಅಳೆದೆ. ಮದ್ಯಸಾರ ಶೇಕಡಾ ಮೂರೂವರೆ. ಮರುದಿನ ಆ ಅಂಕಿಯನ್ನು ಹೇಳಿದಾಗ ಸದಾನಂದರು, “ನಾಕು ಅಂತ ನನ್ನ ಅಂದಾಜಿತ್ತು,” ಎಂದರು. ಅಷ್ಟು ಸಣ್ಣ ತಪ್ಪಿಗೆ ನಾನು ವಿದ್ಯಾರ್ಥಿಗಳ ಅಂಕ ಕಳೆಯುವುದಿಲ್ಲ.

ಉಳಿದ ರಸವನ್ನು ಏನು ಮಾಡುವುದೆಂಬ ಪ್ರಶ್ನೆ ಬಂತು. ಸಂಕಪ್ಪ ಮೆಲ್ಲಗೆ, “ನಮ್ಮ ಊರಲ್ಲಿ ಕೆಲವರು ಇದನ್ನು ಹಿಟ್ಟಿಗೆ ಹಾಕ್ತಾರೆ, ಹಬೆಯಲ್ಲಿ ಎಲ್ಲ ಹಾರಿ ಹೋಗ್ತದೆ,” ಎನ್ನುವಷ್ಟರಲ್ಲಿ ಹನ್ನೊಂದು ಬಾಯಿಗಳು ಒಟ್ಟಿಗೆ ಬೇಡ ಎಂದವು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು ಸಿದ್ದಲಿಂಗಪ್ಪ. ಅವರಿಗೆ ಆ ಶಬ್ದದ ರುಚಿ ಹತ್ತಿದಂತಿತ್ತು. ಭೀಮವ್ವನೇ ಬಾನಿಯನ್ನು ಎಳೆದು ಮೋರಿಗೆ ಸುರಿದರು. ಲೋಟಗಳನ್ನೂ ಒಂದೊಂದಾಗಿ ಬರಿದು ಮಾಡಿ, ಪ್ರತಿಯೊಂದರ ತಳ ನೋಡಿ ಮಗುಚಿಟ್ಟರು.

ಆಗ ಸ್ಟೇಷನ್ನಿನ ಗಡಿಯಾರದಲ್ಲಿ ಐದು ಹೊಡೆದು ಐದು ನಿಮಿಷವಾಗಿತ್ತು. ಸಿದ್ದಲಿಂಗಪ್ಪ ಹೆಂಡತಿಯ ಗಂಟನ್ನು ನೋಡಿದರು. ಸಮಾರಂಭ ಹಾಳಾಗಿತ್ತು. ನೂರು ದಿನ ಆಸರೆಯಾದ ಕೋಣೆಯಲ್ಲಿ ಮಾಲೀಕನ ಮೇಲೆ ಕಿರುಚಿದ್ದರು. ನೂರು ದಿನದ ಕೊನೆಗೆ ಹೆಂಡತಿಗೆ ತೋರಿಸಿದ್ದೆಂದರೆ ಹೆಂಡದ ಲೋಟ ಹಿಡಿದು ಕೂತ ಹನ್ನೊಂದು ಗಂಡಸರನ್ನು.

“ಮೋಟಾರಿಗೆ ಹೊತ್ತಾಗತದ,” ಎಂದರು ತಲೆ ತಗ್ಗಿಸಿ. “ಟಾಂಗಾ ತರಲೇನು?”

“ಹತ್ತೊಂಬತ್ತು ವರ್ಷದಾಗ ನಿಮ್ಮ ಬಾಯಾಗಿಂದ ಬ್ಯಾಡ ಅನ್ನೋದು ಒಂದ ಸಲನೂ ಕೇಳಿರಲಿಲ್ಲ,” ಎಂದರು ಭೀಮವ್ವ. “ಅದೂ ಇಷ್ಟು ಪ್ರೀತಿಲೆ ಕೊಡೋ ಮನಶ್ಯಾಗ, ಕೈ ಹಿಡದು ಕುಡಸೋ ಮನಶ್ಯಾಗ. ಆ ನೂರು ದಿವಸ ನೀವು ಬರದು ತಿಳಿಸಿದ್ರಿ, ನಾ ಓದಿಸಿಕೊಂಡೆ. ಇವತ್ತಿಂದು ಕಣ್ಣಾರೆ ನೋಡೀನಿ.”

“ಹಂಗಾದ್ರ ಟಾಂಗಾ?”

“ಯಾತಕ್ಕ ಟಾಂಗಾ? ಮನಿಗೆ ನಡಕೊಂಡು ಹೋದ್ರ ಆತು. ಉದ್ದು ನೆನಿಹಾಕಿ ಎಷ್ಟೊತ್ತಾತ್ರಿ ಸಂಕಪ್ಪಣ್ಣ? ಹಿಂಗ ಬಾಯಿ ತಕ್ಕೊಂಡು ಕೂತ್ರ ನಾಳೆ ಮಂದಿಗೆ ಏನು ಹಾಕತೀರಿ?”

ಸಂಕಪ್ಪ ಗಡಬಡಿಸಿ ಎದ್ದು ನೆನೆದ ಉದ್ದು ತಂದ. ಭುಜಂಗ ಮುಖ ತೊಳೆದುಕೊಂಡು, ಹಿಟ್ಟಿಗೆ ಕಲಾಯಿ ಪಾತ್ರೆ ಹುಡುಕಲು ಹೋದ. ಸಿದ್ದಲಿಂಗಪ್ಪ ಕಲ್ಲಿನ ಮುಂದೆ ಕೂತು ನಿಯಮದಂತೆ, “ಸಿದ್ದಲಿಂಗಪ್ಪ, ನೂರು,” ಎಂದರು. ಎದುರಿಗೆ ಹಿಟ್ಟು ದೂಡಲು ಯಾರೂ ಬರುವ ಮೊದಲೇ ಭೀಮವ್ವ ಸೆರಗು ಸಿಕ್ಕಿಸಿಕೊಂಡು ಕೂತಾಗಿತ್ತು. ಅವರ ಗಂಟನ್ನು ಯಾರೋ ಎತ್ತಿ ಅಕ್ಕಿಯ ಚೀಲದ ಮೇಲೆ ಇಟ್ಟರು.

ಇಂದಾಪುರದ ಮೋಟಾರು ಹೊರಡುವ ಹೊತ್ತಿಗೆ ಅವರು, “ಸಾವಕಾಶ ತಿರಗಸ್ರಿ, ನನ್ನ ಬೆರಳು ಅವ ಇಲ್ಲಿ! ಇಷ್ಟು ತರಿ ಉಳದ್ರ ಇಡ್ಲಿ ಹೆಂಗ ಆಗತಾವ್ರಿ?” ಎಂದು ಗಂಡನನ್ನು ಬೈಯುತ್ತಿದ್ದರು. ಉಳಿದವರು ತಂತಮ್ಮ ಕಲ್ಲುಗಳನ್ನು ಸ್ವಲ್ಪ ನಿಧಾನ ಮಾಡಿಕೊಂಡರು.